ನೊಂದವರ ಚಿತ್ರಕಾರ ಜೆರಿಕೋ

ಯುರೋಪಿನಲ್ಲಿ ಭಾವಚಿತ್ರವೆಂಬುದು ಬಹುಕಾಲ ಅರಸರಿಗೂ ಸೇನಾನಿಗಳಿಗೂ ಸಿರಿವಂತರಿಗೂ ಸಲ್ಲುವ ಗೌರವವಾಗಿತ್ತು. ಚಿತ್ರ ಬರೆಯಿಸಿಕೊಳ್ಳುವವರು ಹಣ ಕೊಡುತ್ತಿದ್ದರು. ಕಲಾವಿದರು ಅವರ ರೂಪವನ್ನೂ ಪದವಿಯನ್ನೂ ಮೆರೆಸುತ್ತಿದ್ದರು. ಸಮಾಜವು ಗೋಡೆಗಳ ಹಿಂದೆ ಮರೆಮಾಡಿದ್ದ ಮನೋರೋಗಿಗಳಿಗೂ ಆ ಗೌರವವನ್ನು ಸಲ್ಲಿಸಿದವನು ಫ್ರಾನ್ಸ್ ದೇಶದ ಥಿಯೋಡೋರ್ ಜೆರಿಕೋ.

ಜೆರಿಕೋ 1791ರ ಸೆಪ್ಟೆಂಬರ್ 26ರಂದು ರುವಾನ್ ನಗರದ ಅನುಕೂಲಸ್ಥ ಕುಟುಂಬವೊಂದರಲ್ಲಿ ಜನಿಸಿದನು. ಕುದುರೆಗಳೆಂದರೆ ಅವನಿಗೆ ಪಂಚಪ್ರಾಣ. ಪ್ಯಾರಿಸ್ಸಿನಲ್ಲಿ ವೆರ್ನೆ ಮತ್ತು ಗೆರಾಂ ಎಂಬ ಚಿತ್ರಕಾರರ ಬಳಿ ಅವನು ಕಲೆಯನ್ನು ಅಭ್ಯಾಸ ಮಾಡಿದನು. 1812ರಲ್ಲಿ, ಇನ್ನೂ ಇಪ್ಪತ್ತೊಂದರ ಹರೆಯದಲ್ಲಿಯೇ, ನೆಗೆಯುವ ಕುದುರೆಯ ಮೇಲಿನ ಸೈನಿಕನ ಚಿತ್ರಕ್ಕಾಗಿ ಚಿನ್ನದ ಪದಕ ಪಡೆದನು. ಗ್ರೀಕ್ ಮತ್ತು ರೋಮನ್ ಮಾದರಿಗಳ ಅಚ್ಚುಕಟ್ಟಿಗಿಂತ ಮನುಷ್ಯನ ಭಾವಾವೇಗವೇ ಮುಖ್ಯವೆಂದು ಬಗೆದ ರಮ್ಯ ಪಂಥದ ಮೊದಲಿಗರಲ್ಲಿ ಅವನೊಬ್ಬನು.

1816ರಲ್ಲಿ ‘ಮೆಡೂಸಾ’ ಎಂಬ ಫ್ರೆಂಚ್ ಹಡಗು ಆಫ್ರಿಕದ ಪಶ್ಚಿಮ ತೀರದ ಬಳಿ ಮರಳದಿಬ್ಬದ ಮೇಲೇರಿ ನಿಂತಿತು. ದೋಣಿಗಳು ಸಾಲದೆ ಸುಮಾರು 147 ಮಂದಿ ಮರದ ತೆಪ್ಪವೊಂದನ್ನು ಏರಬೇಕಾಯಿತು. ಹದಿಮೂರು ದಿನಗಳ ಅನಂತರ ಅದರ ಮೇಲೆ ಜೀವಂತವಾಗಿ ಸಿಕ್ಕಿದವರು ಹದಿನೈದೇ ಮಂದಿ. ಜೆರಿಕೋ ಬದುಕಿ ಬಂದವರನ್ನು ಕಂಡು ವಿಚಾರಿಸಿದನು. ಆಸ್ಪತ್ರೆಗೆ ಹೋಗಿ ಸಾಯುತ್ತಿದ್ದವರ ಮುಖಗಳನ್ನು ಗಮನಿಸಿದನು. ಈ ದುರಂತವನ್ನು ಕುರಿತ ಅವನ ಬೃಹತ್ ಚಿತ್ರ 1819ರಲ್ಲಿ ಪ್ರದರ್ಶನಗೊಂಡು ಹೊಗಳಿಕೆಯನ್ನೂ ತೆಗಳಿಕೆಯನ್ನೂ ಪಡೆಯಿತು.

ಆ ಕಾಲದಲ್ಲಿ ಮನೋರೋಗಿಗಳ ಪಾಡು ದಾರುಣವಾಗಿತ್ತು. ಹಲವೆಡೆ ಅವರನ್ನು ಸರಪಳಿಯಿಂದ ಬಿಗಿಯುತ್ತಿದ್ದರು. ಇವರು ಚಿಕಿತ್ಸೆಗೂ ಕರುಣೆಗೂ ಅರ್ಹರೆಂದು ಪ್ಯಾರಿಸ್ಸಿನಲ್ಲಿ ಪಿನೆಲ್ ಮೊದಲಾದ ವೈದ್ಯರು ಸಾರಿದರು. ಆ ಪರಂಪರೆಗೆ ಸೇರಿದ ಜಾರ್ಜೆ ಎಂಬ ತರುಣ ವೈದ್ಯನಿಗಾಗಿ ಜೆರಿಕೋ ತನ್ನ ಕೊನೆಯ ವರ್ಷಗಳಲ್ಲಿ ರೋಗಿಗಳ ಭಾವಚಿತ್ರಗಳನ್ನು ಬರೆದನೆಂದು ಪ್ರತೀತಿ. ಅಸೂಯೆ, ಜೂಜು, ಕಳವು ಮುಂತಾದ ಒಂದೇ ಗೀಳಿಗೆ ಮನಸ್ಸು ಸೆರೆಯಾದವರು ಇವರು.

ಅವುಗಳಲ್ಲೊಂದು ಬಿಳಿಯ ಕುಲಾವಿ ತೊಟ್ಟ ಮುದುಕಿಯ ಚಿತ್ರ. ಹಿನ್ನೆಲೆ ಕತ್ತಲು, ಬೆಳಕೆಲ್ಲವೂ ಮುಖದ ಮೇಲೆ. ಕೆಂಪೇರಿದ ಕಣ್ಣುಗಳು ನೋಡುವವರನ್ನು ಬಿಟ್ಟು ಬೇರೆಡೆಗೆ ನೆಟ್ಟಿವೆ. ಇಲ್ಲಿ ಪರಿಹಾಸ್ಯವಿಲ್ಲ, ಭಯ ಹುಟ್ಟಿಸುವ ಹವಣಿಕೆಯೂ ಇಲ್ಲ. ರೋಗದ ಹಿಂದಿರುವ ವ್ಯಕ್ತಿಯನ್ನು ಕಲಾವಿದನು ಕಂಡಿದ್ದಾನೆ.

ಕುದುರೆಯಿಂದ ಬಿದ್ದ ಪೆಟ್ಟುಗಳಿಂದಲೂ ಬೆನ್ನುಮೂಳೆಯ ರೋಗದಿಂದಲೂ ಬಳಲಿದ ಜೆರಿಕೋ 1824ರ ಜನವರಿ 26ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ, ಮರಣ ಹೊಂದಿದನು. ಈ ಮಾಲಿಕೆಯ ಐದು ಚಿತ್ರಗಳು 1863ರಲ್ಲಿ ಜರ್ಮನಿಯ ಬಾಡೆನ್-ಬಾಡೆನ್ ಊರಿನಲ್ಲಿ ದೊರೆತವು. ಇಂದು ಅವುಗಳಲ್ಲೊಂದು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ; ಮುದುಕಿಯ ಚಿತ್ರ ಲಿಯೋನ್ ನಗರದಲ್ಲಿದೆ. ಆ ರೋಗಿಗಳ ಹೆಸರುಗಳು ಉಳಿಯಲಿಲ್ಲ. ಮುಖಗಳು ಮಾತ್ರ ಉಳಿದಿವೆ. ಭಾವಚಿತ್ರದ ಗೌರವಕ್ಕೆ ಪದವಿಯೂ ಸಂಪತ್ತೂ ಬೇಕಿಲ್ಲ, ಮನುಷ್ಯನಾಗಿರುವುದೇ ಸಾಕು ಎಂಬುದನ್ನು ಅವು ಕಲೆಯ ಚರಿತ್ರೆಗೆ ಕಲಿಸಿವೆ.