ಗಾಳ ಹಿಡಿದ ಬರಹಗಾರ ಐಸಾಕ್ ವಾಲ್ಟನ್

ಗಾಳದ ಮೀನುಗಾರಿಕೆಯ ಹಳೆಯ ಪುಸ್ತಕಗಳನ್ನು ಸಂಗ್ರಹಿಸುವವರಿಗೆ 1653ರಲ್ಲಿ ಲಂಡನ್‌ನಲ್ಲಿ ಪ್ರಕಟವಾದ 'ದಿ ಕಂಪ್ಲೀಟ್ ಆ್ಯಂಗ್ಲರ್'ನ ಮೊದಲ ಮುದ್ರಣವೇ ದೊಡ್ಡ ನಿಧಿ. ಅಂದು ಅದರ ಬೆಲೆ 18 ಪೆನ್ಸ್. ಮುಖಪುಟದಲ್ಲಿ ಲೇಖಕರ ಹೆಸರೂ ಇರಲಿಲ್ಲ. ಆ ಲೇಖಕರ ಬಾಳನ್ನು ನಾವಿಲ್ಲಿ ಸ್ಮರಿಸುತ್ತೇವೆ.

ಐಸಾಕ್ ವಾಲ್ಟನ್ 1593ರಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ನಲ್ಲಿ ಜನಿಸಿದರು. ಲಂಡನ್‌ಗೆ ಬಂದು ಬಟ್ಟೆ ವ್ಯಾಪಾರ ಮಾಡಿದರು. ಫ್ಲೀಟ್ ಸ್ಟ್ರೀಟಿನ ಸಂತ ಡನ್‌ಸ್ಟನ್‌ರ ಆಂಗ್ಲಿಕನ್ ಚರ್ಚಿನ ಆಡಳಿತ ಮಂಡಳಿಯಲ್ಲಿ ಸೇವೆ ಸಲ್ಲಿಸಿದರು. ಅಲ್ಲಿನ ಗುರುಗಳೂ ಕವಿಯೂ ಆಗಿದ್ದ ಜಾನ್ ಡನ್ ಅವರ ಒಡನಾಟ ದೊರೆಯಿತು. 1640ರಲ್ಲಿ ಅವರ ಜೀವನಚರಿತ್ರೆ ಬರೆದರು. ಮುಂದೆ ಹರ್ಬರ್ಟ್, ಹೂಕರ್ ಮೊದಲಾದವರದನ್ನೂ ಬರೆದರು.

ಅವರ ಸಂಸಾರ ಮಾತ್ರ ಕಣ್ಣೀರಿನದು. ಮೊದಲ ಪತ್ನಿ ರೇಚಲ್ ಹೆತ್ತ ಏಳು ಮಕ್ಕಳಲ್ಲಿ ಒಬ್ಬರೂ ಉಳಿಯಲಿಲ್ಲ. 1640ರಲ್ಲಿ ರೇಚಲ್ ಕೂಡ ತೀರಿಕೊಂಡರು. ಬಳಿಕ ದೇಶದಲ್ಲಿ ಅಂತರ್ಯುದ್ಧ ನಡೆಯಿತು. 1649ರಲ್ಲಿ ಅರಸನ ಶಿರಚ್ಛೇದವಾಯಿತು. ಇಷ್ಟೆಲ್ಲ ಕಂಡ ಮೇಲೆ, ಅರುವತ್ತರ ಹೊಸ್ತಿಲಲ್ಲಿ ವಾಲ್ಟನ್ ಬರೆದದ್ದು ಹೊಳೆ, ಮೀನು, ಹಾಡು ಮತ್ತು ತಾಳ್ಮೆಯ ಪುಸ್ತಕ. ಅದರಲ್ಲಿ ಹಗೆಯ ಮಾತಿಲ್ಲ.

ಅದನ್ನು ಅವರು ಮತ್ತೆ ಮತ್ತೆ ತಿದ್ದಿ ಬೆಳೆಸಿದರು. 1676ರ ಐದನೇ ಮುದ್ರಣಕ್ಕೆ ಗೆಳೆಯ ಚಾರ್ಲ್ಸ್ ಕಾಟನ್, ಕೃತಕ ನೊಣ ಕಟ್ಟಿ ಮೀನು ಹಿಡಿಯುವ ವಿಧಾನದ ಎರಡನೇ ಭಾಗ ಸೇರಿಸಿದರು.

1683ರ ಡಿಸೆಂಬರ್ 15ರಂದು, 90ರ ವಯಸ್ಸಿನಲ್ಲಿ ವಾಲ್ಟನ್ ನಿಧನರಾದರು. ವಿಂಚೆಸ್ಟರ್ ಕೆಥೆಡ್ರಲ್‌ನಲ್ಲಿ ಅವರ ಸಮಾಧಿಯಿದೆ. ಶಾಲೋಫರ್ಡ್‌ನ ತಮ್ಮ ಜಮೀನನ್ನು ಅವರು ಹುಟ್ಟೂರಿನ ಬಡವರ ನೆರವಿಗೆಂದು ಉಯಿಲು ಬರೆದಿಟ್ಟಿದ್ದರು. ಹಳೆಯ ಪುಸ್ತಕ ಕೈಗೆ ಸಿಕ್ಕಾಗ ಬೆಲೆಯ ಜತೆಗೆ ಬರೆದವರ ಬಾಳನ್ನೂ ತಿಳಿಯೋಣ.