ರಾಗಿ ಲಕ್ಷ್ಮಣಯ್ಯನವರು

ಧಾನ್ಯದ ಹೆಸರು ಮನುಷ್ಯನ ಹೆಸರಿಗೆ ಅಂಟಿಕೊಳ್ಳುವುದು ಅಪರೂಪ. ನಮ್ಮ ನಾಡಿನಲ್ಲಿ ಆ ಭಾಗ್ಯ ಪಡೆದವರು ಲಕ್ಷ್ಮಣಯ್ಯನವರು. ಮೈಸೂರು ಸೀಮೆಯ ಹಾರೋಹಳ್ಳಿಯಲ್ಲಿ 1921ರಲ್ಲಿ ಹುಟ್ಟಿ 1993ರಲ್ಲಿ ಕಾಲವಾದ ಇವರು ಜನರ ಬಾಯಲ್ಲಿ ರಾಗಿ ಲಕ್ಷ್ಮಣಯ್ಯನವರೇ ಆದರು. ಸುರತ್ಕಲ್ಲಿನಲ್ಲಿ ಕುಚ್ಚಲಕ್ಕಿಯ ಗಂಜಿ ಉಂಡು ಬೆಳೆದ ನನಗೆ ರಾಗಿಯೆಂದರೆ ಹಸುಗೂಸಿಗೆ ಉಣಿಸುವ ಮಣ್ಣಿ ಮಾತ್ರವಾಗಿತ್ತು. ಘಟ್ಟದ ಮೇಲಿನ ಬಡವರಿಗೆ ಅದೇ ಹೊತ್ತುಹೊತ್ತಿನ ಊಟವೆಂದು ತಿಳಿದ ಮೇಲೆ ಈ ಮಹನೀಯರ ಬಾಳಿನ ಬೆಲೆ ನನ್ನ ಅರಿವಿಗೆ ಬಂದಿತು.

ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಕೃಷಿ ಕ್ಷೇತ್ರವೇ ಅವರ ಕರ್ಮಭೂಮಿ. ಅಲ್ಲಿ ಅವರು ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳನ್ನು ಒಂದರ ಹಿಂದೆ ಒಂದರಂತೆ ರೈತರ ಕೈಗಿತ್ತರು.

ಹೇಳುವುದು ಸುಲಭ, ಮಾಡುವುದು ಹಾಗಲ್ಲ. ರಾಗಿಯ ಹೂ ಕಣ್ಣಿಗೆ ಕಾಣದಷ್ಟು ಕಿರಿದು. ಅದು ತನ್ನ ಪರಾಗದಿಂದಲೇ ತಾನು ಕಾಳು ಕಟ್ಟುತ್ತದೆ. ಎರಡು ಗಿಡಗಳ ತೆನೆಗಳನ್ನು ಸೇರಿಸಿ ಕಟ್ಟಿದರೂ ನಿಜವಾದ ಬೆರಕೆಯ ಕಾಳು ಕೆಲವೇ ಕೆಲವು. ಅವುಗಳನ್ನು ಹುಡುಕುವುದೆಂತು? ತಳಿ ಶಾಸ್ತ್ರಜ್ಞರು ಕಂಡುಕೊಂಡ ಉಪಾಯ ಹೀಗಿದೆ: ಹಸಿರು ಗಿಡವನ್ನು ತಾಯಿಯಾಗಿಯೂ ನೇರಳೆ ಬಣ್ಣದ ಗಿಡವನ್ನು ತಂದೆಯಾಗಿಯೂ ಇಟ್ಟುಕೊಳ್ಳುವುದು. ನೇರಳೆಯು ಹಸಿರನ್ನು ಮರೆಮಾಡುವ ಗುಣ. ಆದ್ದರಿಂದ ತಾಯಿಯ ಕಾಳನ್ನು ಬಿತ್ತಿದಾಗ ನೇರಳೆಯಾಗಿ ಎದ್ದ ಸಸಿಯೇ ಬೆರಕೆಯದು. ಹಸಿರು ಸಸಿಗಳನ್ನು ಕಿತ್ತೆಸೆಯಬಹುದು. ಅನುವಂಶೀಯ ಗುರುತು ಎಂದು ವಿಜ್ಞಾನವು ಕರೆಯುವುದು ಇದನ್ನೇ. ಇದನ್ನು ಹಿಡಿಯಲು ಯಂತ್ರ ಬೇಡ. ತಾಳ್ಮೆಯ ಕಣ್ಣು ಸಾಕು.

ರಾಗಿಯ ತವರು ಪೂರ್ವ ಆಫ್ರಿಕ. ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಬಂದ ಈ ಬೆಳೆಯನ್ನು ಲಕ್ಷ್ಮಣಯ್ಯನವರು 1960ರ ದಶಕದಲ್ಲಿ ಮತ್ತೆ ತವರಿನ ನೆಂಟರೊಡನೆ ಕೂಡಿಸಿದರು. ಇಂಡಿಯ, ಆಫ್ರಿಕ ಎಂಬೆರಡು ಹೆಸರುಗಳನ್ನು ಕೂಡಿಸಿಯೇ ಇಂಡಾಫ್ ಎಂಬ ಹೆಸರಾಯಿತು. ಇಂಡಾಫ್ ತಳಿಗಳಿಂದ ಹೊಲದ ಇಳುವರಿ ಏರಿತು. ಬಡವನ ಕಣಜದಲ್ಲಿ ಕಾಳು ಹೆಚ್ಚಿತು.

ಇಂದು ಗುರುತು ಹುಡುಕುವ ಕಣ್ಣು ಇನ್ನೂ ಒಳಗೆ ಇಳಿದಿದೆ. ಗಿಡದ ಬಣ್ಣಕ್ಕೆ ಕಾಯದೆ ಎಲೆಯ ತುಣುಕಿನಿಂದ ಡಿ.ಎನ್.ಎ. ತೆಗೆದು ಸಸಿಗಳನ್ನು ಶೋಧಿಸುತ್ತಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರ ನೇತೃತ್ವದಲ್ಲಿ ಎಂ.ಎಲ್.-365 ಎಂಬ ರಾಗಿ ತಳಿಯ ಡಿ.ಎನ್.ಎ. ವಿನ್ಯಾಸವನ್ನು ಓದಿ 2017ರಲ್ಲಿ ಪ್ರಕಟಿಸಿದರು. ಆದರೂ ಗುರುತು ಸಿಕ್ಕ ಸಸಿ ಕೊನೆಗೆ ಹೊಲಕ್ಕೇ ಬರಬೇಕು. ಮಳೆ ಬಿಸಿಲುಗಳಲ್ಲೇ ಅದರ ಪರೀಕ್ಷೆ.

ನಮ್ಮ ಮನೆತನದಲ್ಲಿ ಪದವಿ ಪರೀಕ್ಷೆಯವರೆಗೆ ಬಂದವರಲ್ಲಿ ನಾನೇ ಮೊದಲಿಗ. ಅಕ್ಷರವರಿಯದ ನನ್ನ ಅಜ್ಜಿ ಕೊಯ್ಲಿಗೆ ಮುನ್ನ ಗದ್ದೆಗಿಳಿದು ಬಿತ್ತನೆಯ ತೆನೆಗಳನ್ನು ಆರಿಸಿ ತರುತ್ತಿದ್ದಳು. ಅವಳ ಕಣ್ಣಿಗೆ ಗೊತ್ತಿದ್ದುದು ನನ್ನ ಪುಸ್ತಕಗಳಲ್ಲಿಲ್ಲ. ಓದು ಹೆಚ್ಚಿದಂತೆ ಹೊಲ ದೂರವಾಗಬೇಕೆ ಎಂಬ ಚಿಂತೆ ನನ್ನನ್ನು ಎಷ್ಟೋ ಸಲ ಕಾಡಿದೆ. ಲಕ್ಷ್ಮಣಯ್ಯನವರು ಓದಿದ್ದನ್ನು ಹೊಲಕ್ಕೆ ಒಯ್ದರು. ಹೊಲದ ಕೆಲಸವನ್ನು ಶಾಸ್ತ್ರವಾಗಿಸಿದರು. ಕಲೆಯ ವಿದ್ಯಾರ್ಥಿಗಳಾದ ನಾವೂ ಮುದ್ದೆ ಮುರಿಯುವಾಗ, ಮಣ್ಣಿ ಕಾಸುವಾಗ ಒಮ್ಮೆ ಅವರನ್ನು ನೆನೆಯೋಣ.