ಬಚ್ಚಲುಮನೆಯ ಫಿಟ್ಸನ್ನು ನಂಬಿದ ಡಾಕ್ಟರ್ ಮಣಿ

ಈಚೆಗೆ ರಾಮಮೂರ್ತಿ ನಗರದ ಮುಖ್ಯರಸ್ತೆಯಲ್ಲಿ ಹುಡುಗನೊಬ್ಬ ಫಿಟ್ಸ್ ಬಂದು ಬಿದ್ದ. ಅರ್ಧ ನಿಮಿಷದೊಳಗೆ ಅವನ ಕೈಗೆ ಮೂರು ಬೀಗದ ಕೈ ಗೊಂಚಲು ತುರುಕಿದರು. ಒಂದು ಗೊಂಚಲಲ್ಲಿ ಯಾವುದೋ ಐಟಿ ಕಂಪನಿಯ ಟ್ಯಾಗ್ ಬೇರೆ ನೇತಾಡ್ತಿತ್ತು. ಮಗ್ಗುಲಿಗೆ ಮಲಗಿಸಿ, ಸುಮ್ಮನೆ ಬಿಡಿ ಎಂದವರು ಹೂ ಮಾರುವ ಅಮ್ಮ ಒಬ್ಬರೇ. ಎರಡು ನಿಮಿಷಕ್ಕೆ ಹುಡುಗ ಎದ್ದು ಕೂತ. ಸುತ್ತ ನಿಂತವರನ್ನು ಕೇಳಿಕೊಂಡದ್ದು ಒಂದೇ: ಮನೆಯವರಿಗೆ ಫೋನ್ ಮಾಡಬೇಡಿ, ಅಕ್ಕನ ಮದುವೆ ಮಾತುಕತೆ ನಡೀತಿದೆ.

ಆ ಹುಡುಗನ ನೆಪದಲ್ಲಿ ಡಾ. ಕೆ. ಎಸ್. ಮಣಿ ನೆನಪಾದರು. ನರರೋಗ ತಜ್ಞ, ಸಂಶೋಧಕ. ತೀರಿಹೋಗಿ ಎರಡು ದಶಕ ದಾಟಿದೆ. ನರವೈದ್ಯರ ವಲಯದಲ್ಲಿ ದೊಡ್ಡ ಹೆಸರು, ಅದರಾಚೆಗೆ ಅಷ್ಟಾಗಿ ಗೊತ್ತಿಲ್ಲ.

1960ರ ದಶಕದಲ್ಲಿ ನಿಮ್ಹಾನ್ಸ್‌ಗೆ ಆ ಹೆಸರಿರಲಿಲ್ಲ. ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಅಂತಿತ್ತು. ಪಕ್ಕದ ಮಾನಸಿಕ ಆಸ್ಪತ್ರೆ ಜೊತೆ ಸೇರಿ ನಿಮ್ಹಾನ್ಸ್ ಆದದ್ದು 1974ರಲ್ಲಿ. ಆ ಕಾಲದಲ್ಲಿ ಬೆಂಗಳೂರಿಗೆ ಬರುತ್ತಿದ್ದ ರೋಗಿಗಳಲ್ಲಿ ಕೆಲವರದು ವಿಚಿತ್ರ ಕಥೆ. ಫಿಟ್ಸ್ ಬರುವುದು ತಲೆಗೆ ಸ್ನಾನ ಮಾಡುವಾಗ ಮಾತ್ರ. ಹಂಡೆಯಲ್ಲಿ ಕಾದ ನೀರನ್ನು ಚೊಂಬಿನ ಮೇಲೆ ಚೊಂಬು ನೆತ್ತಿಗೆ ಸುರೀತಿದ್ದ ಹಾಗೇ ಹುಡುಗ ಮಂಕಾಗ್ತಾನೆ, ಏನೇನೋ ಬಡಬಡಿಸ್ತಾನೆ, ಕೆಲವೊಮ್ಮೆ ಬಿದ್ದು ಕೈಕಾಲು ಸೆಟೆದುಕೊಳ್ತಾನೆ. ಊರಲ್ಲಿ ಇದಕ್ಕೆ ಗಾಳಿ ಮೆಟ್ಟಿದೆ ಅಂತ ವಿವರಣೆ. ಇಇಜಿ ತೆಗೆದರೆ ಬಹುಪಾಲು ನಾರ್ಮಲ್.

ಇಂಜಿನಿಯರಿಂಗ್ ಓದಿದ ನನಗೆ ಈ ಪರಿಸ್ಥಿತಿ ಚೆನ್ನಾಗಿ ಗೊತ್ತು. ಗ್ರಾಹಕ ಹೇಳುವ ತೊಂದರೆ ನಮ್ಮ ಯಂತ್ರದಲ್ಲಿ ಕಾಣಿಸದಿದ್ದರೆ ಗ್ರಾಹಕನದೇ ತಪ್ಪು ಎಂದು ಟಿಕೆಟ್ ಮುಚ್ಚುತ್ತೇವೆ. ಮಣಿ ಮುಚ್ಚಲಿಲ್ಲ. ಬಚ್ಚಲುಮನೆಯಲ್ಲಿ ಕಂಡದ್ದನ್ನು ತಾಯಂದಿರು ಹೇಳಿದರೆ ಅದನ್ನೇ ದಾಖಲೆ ಎಂದು ತಗೊಂಡು, ಒಂದೊಂದೇ ಕೇಸು ಕೂಡಿಸುತ್ತಾ ಹೋದರು. 1968ರಲ್ಲಿ ‘ನ್ಯೂರಾಲಜಿ ಇಂಡಿಯಾ’ದಲ್ಲಿ ಸಹೋದ್ಯೋಗಿಗಳ ಜೊತೆ ಮೊದಲ ವರದಿ. 1974ರ ಹೊತ್ತಿಗೆ ಕೇಸುಗಳು 108. ಬಿಸಿನೀರಿನ ಫಿಟ್ಸ್ ಬಗ್ಗೆ 1945ರಲ್ಲೇ ನ್ಯೂಜಿಲೆಂಡಿನಿಂದ ವರದಿಯಾಗಿತ್ತು ನಿಜ. ಆದರೆ ಅದೊಂದು ಅಪರೂಪದ ಕುತೂಹಲವಾಗಿತ್ತು. ದಕ್ಷಿಣ ಕರ್ನಾಟಕದಲ್ಲಿ ಅದು ಮನೆಮನೆಯ ಸಂಗತಿಯಾಗಿರಬಹುದು ಎಂದು ತೋರಿಸಿದ್ದು ಇವರ ಕೆಲಸ. ಮುಂದೆ 1988ರಲ್ಲಿ ನಿಮ್ಹಾನ್ಸಿನ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ಅಧ್ಯಯನ ಪ್ರಕಟಿಸಿದರು.

ಇಲ್ಲೇ ಯಾಕೆ ಇಷ್ಟು? ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ತಲೆಸ್ನಾನ, ಅದೂ 40-50 ಡಿಗ್ರಿ ಬಿಸಿಯ ನೀರು, ಅದೂ ಬೇಗಬೇಗ ಸುರಿಯುವ ನಮ್ಮ ರೂಢಿ. ಇದರ ಜೊತೆಗೆ ಕೆಲವು ಮನೆತನಗಳಲ್ಲಿ ಹರಿದುಬರುವ ಒಲವೂ ಇದೆ. ಅದೇ ನೀರು ಮೈಗೆ ಬಿದ್ದರೆ ಸಾಮಾನ್ಯವಾಗಿ ಏನೂ ಆಗೋದಿಲ್ಲ, ತಲೆಗೆ ಬೀಳಬೇಕು. ಹಾಗಾಗಿ ಹಲವರಿಗೆ ಮೊದಲ ಮದ್ದು ಅಂದರೆ ನೀರನ್ನು ಉಗುರುಬೆಚ್ಚಗೆ ಮಾಡಿಕೊಳ್ಳುವುದು, ಅಷ್ಟೇ.

ಮಣಿ ಈ ಒಂದು ಕಾಯಿಲೆಯ ಖ್ಯಾತಿಯಲ್ಲೇ ಕೂತುಬಿಡಬಹುದಿತ್ತು. ಬದಲಿಗೆ ಹಿರಿವಯಸ್ಸಿನಲ್ಲಿ ಯಳಂದೂರಿಗೆ ಹೋದರು. ಅವರ ತಂಡ ಸುಮಾರು 65 ಸಾವಿರ ಜನರ ಮನೆ ಬಾಗಿಲಿಗೆ ಹೋಗಿ ಮೂರ್ಛೆ ರೋಗಿಗಳನ್ನು ಎಣಿಸಿತು. ಸಾವಿರಕ್ಕೆ ನಾಲ್ಕೈದು ಮಂದಿ ಸಿಕ್ಕರು. ತಲೆಗೆ ಪೆಟ್ಟು, ಹೆರಿಗೆ ವೇಳೆಯ ತೊಂದರೆ, ಮೆದುಳು ಸೇರಿದ ಲಾಡಿಹುಳು, ಹೀಗೆ ಮೂರ್ಛೆಗೆ ಕಾರಣ ಹತ್ತಾರು. ಆದರೆ ಹಳ್ಳಿಯ ರೋಗಿಗೆ ಬೇಕಾದ್ದು ಕೈಗೆಟಕುವ ಮಾತ್ರೆ. ಫಿನೋಬಾರ್ಬಿಟಾಲ್, ಫೆನಿಟಾಯಿನ್, ಎರಡೂ ಹಳೇ ಮಾತ್ರೆಗಳು, ಅಗ್ಗದವು. ಅವನ್ನೇ ಕೊಟ್ಟು ವರ್ಷಗಟ್ಟಲೆ ಬೆನ್ನುಹತ್ತಿ ನೋಡಿದರೆ ಹಳ್ಳಿಯಲ್ಲೂ ಫಿಟ್ಸ್ ಹತೋಟಿಗೆ ಬರುತ್ತೆ ಎಂದು ತೋರಿಸಿದ ಪ್ರಬಂಧ 2001ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ನನ್ನ ಮಟ್ಟಿಗೆ ಬಿಸಿನೀರಿನ ಶೋಧಕ್ಕಿಂತ ಇದೇ ದೊಡ್ಡದು. ಹೊಸ ದುಬಾರಿ ಔಷಧಿಯ ಹೊಗಳಿಕೆ ಬರೆಯಲು ಬೇಕಾದಷ್ಟು ಜನ ಇರ್ತಾರೆ.

ಇನ್ನೊಂದು ಜಗಳ ಕಾನೂನಿನ ಜೊತೆ. 1976ರ ತಿದ್ದುಪಡಿಯಲ್ಲಿ ಹಿಂದೂ ವಿವಾಹ ಕಾಯ್ದೆಗೆ ಪದೇ ಪದೇ ಬರುವ ಹುಚ್ಚಿನ ಪಕ್ಕದಲ್ಲೇ ಮೂರ್ಛೆಯನ್ನೂ ಸೇರಿಸಲಾಗಿತ್ತು. ಅದೇ ಕಾರಣ ಕೊಟ್ಟು ಮದುವೆಯನ್ನು ಕೋರ್ಟಿನಲ್ಲಿ ರದ್ದು ಮಾಡಿಸಬಹುದಿತ್ತು. ತವರಿಗೆ ವಾಪಸ್ ಕಳಿಸಲು ನೆಪ ಹುಡುಕುವ ಗಂಡನಿಗೆ ಇದಕ್ಕಿಂತ ಸಲೀಸು ದಾರಿ ಬೇಕೆ? ಭಾರತೀಯ ಎಪಿಲೆಪ್ಸಿ ಅಸೋಸಿಯೇಶನ್ ಮೂಲಕ ಇದರ ವಿರುದ್ಧ ಹಠ ಹಿಡಿದವರಲ್ಲಿ ಮಣಿ ಮುಖ್ಯರು. ರೋಗಿಗಳನ್ನು ಹತ್ತಿರದಿಂದ ಕಂಡಿದ್ದ ಡಾಕ್ಟರಿಗೆ ಹುಚ್ಚಿಗೂ ಫಿಟ್ಸ್‌ಗೂ ಇರುವ ವ್ಯತ್ಯಾಸ ಗೊತ್ತಿತ್ತು, ಕಾಯ್ದೆಗೆ ಗೊತ್ತಿರಲಿಲ್ಲ. 1999ರಲ್ಲಿ ಸಂಸತ್ತು ಆ ಪದವನ್ನು ಕಿತ್ತುಹಾಕಿತು, ವಿಶೇಷ ವಿವಾಹ ಕಾಯ್ದೆಯಿಂದಲೂ.

ಈಗ ತಮ್ಮನಿಗೆ ಫಿಟ್ಸ್ ಇದೆ ಅಂತ ಅಕ್ಕನ ಮದುವೆ ಮುರಿಯಲು ಯಾವ ಕಾಯ್ದೆಯ ಸೆಕ್ಷನ್ನೂ ಬೇಕಿಲ್ಲ, ಬ್ರೋಕರ್‌ಗೆ ಒಂದು ಫೋನ್ ಸಾಕು. ಮುಖ್ಯರಸ್ತೆಯಲ್ಲಿ ನಾವು ಯಾರೂ ಹುಡುಗನ ಮನೆಗೆ ಫೋನ್ ಮಾಡಲಿಲ್ಲ. ಹೂವಿನ ಅಮ್ಮ ನೀರು ಕುಡಿಸಿ ಆಟೋ ಹತ್ತಿಸಿದರು. ಒಂದು ಬೀಗದ ಕೈ ಗೊಂಚಲು ಅವನ ಜೇಬಲ್ಲೇ ಹೋಯ್ತು.